ಸೋತ ಪಂದ್ಯವನ್ನು ಮತ್ತೆ ನೋಡುವುದು: ಫೂಟಿ ವಿಶ್ಲೇಷಣೆಯಲ್ಲಿ ನನ್ನ ಅನುಭವ

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನಲ್ಲಿ (ಅಲ್ಲಿನವರ ಬಾಯಲ್ಲಿ ಫೂಟಿ) ನಮ್ಮ ತಂಡ ಸೋತ ಮೇಲೆ ಮೂರು ಮಾತು ತಪ್ಪದೆ ಕೇಳಿಬರುತ್ತವೆ: ಅಂಪೈರ್ ಕೈಕೊಟ್ಟರು, ನಮ್ಮವರಿಗೆ ಗೋಲ್ ಹೊಡೆಯಲು ಬರುವುದಿಲ್ಲ, ಹುಡುಗರಿಗೆ ಛಲ ಇಲ್ಲ. ಮೂರೂ ಒಮ್ಮೊಮ್ಮೆ ನಿಜವೇ. ಆದರೆ ಎದುರಾಳಿಯ ಒಂದೊಂದು ಗೋಲೂ ಎಲ್ಲಿಂದ ಹುಟ್ಟಿತು ಎಂದು ಬರೆದಿಟ್ಟು ನೋಡುವವರೆಗೆ ಯಾವುದು ನಿಜ ಎಂದು ಹೇಳಲಾಗದು. ಸೋಲಿನ ಮೇಲೆ ನಾನು ಮಾಡುವ ಕೆಲಸವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಪಂದ್ಯದ ಪೂರ್ತಿ ಮರುಪ್ರಸಾರ (ಆಸ್ಟ್ರೇಲಿಯಾದಲ್ಲಿ ಕೇಯೋ, ಹೊರದೇಶದವರಿಗೆ ವಾಚ್ ಎಎಫ್‌ಎಲ್ ಎಂಬ ಸ್ಟ್ರೀಮಿಂಗ್ ಸೇವೆ; ಎಎಫ್‌ಎಲ್ ಎಂದರೆ ಈ ಆಟದ ಮುಖ್ಯ ಲೀಗ್), ಎಎಫ್‌ಎಲ್ ಆ್ಯಪ್‌ನ ಅಂಕಿಅಂಶ, ಒಂದು ಸ್ಪ್ರೆಡ್‌ಶೀಟ್. ಹೈಲೈಟ್ಸ್ ಸಾಲದು. ಅದರಲ್ಲಿ ಗೋಲ್‌ಗೆ ಮುಂಚಿನ ಕೊನೆಯ ಒಂದೆರಡು ಕಿಕ್ ಮಾತ್ರ ಇರುತ್ತವೆ. ನಮಗೆ ಬೇಕಾದದ್ದು ಅದಕ್ಕೂ ಹಿಂದೆ ನಡೆದದ್ದು.

ಮೊದಲು ಸ್ಕೋರನ್ನು ಸರಿಯಾಗಿ ಓದಬೇಕು. 2008ರ ಗ್ರ್ಯಾಂಡ್ ಫೈನಲ್ (ಲೀಗ್‌ನ ಅಂತಿಮ ಪಂದ್ಯ) ತೆಗೆದುಕೊಳ್ಳಿ: ಹಾಥಾರ್ನ್ 18.7 (115), ಜೀಲಾಂಗ್ 11.23 (89). ಚುಕ್ಕೆಗೆ ಮುಂಚಿನದು ಗೋಲ್, ನಂತರದ್ದು ಬಿಹೈಂಡ್ (ನಡುವಿನ ಎರಡು ಕಂಬಗಳ ಪಕ್ಕದಿಂದ ಹೋದದ್ದು), ಆವರಣದಲ್ಲಿ ಒಟ್ಟು ಅಂಕ. ಗೋಲ್‌ಗೆ 6 ಅಂಕ, ಬಿಹೈಂಡ್‌ಗೆ 1. ಅಂದರೆ ಜೀಲಾಂಗ್ 34 ಸಲ ಅಂಕ ಗಳಿಸಿತು, ಹಾಥಾರ್ನ್ ಬರೀ 25 ಸಲ. ಇಷ್ಟನ್ನೇ ನೋಡಿದರೆ ಜೀಲಾಂಗ್ ಗುರಿ ತಪ್ಪಿ ಸೋತಿತು ಅನ್ನಿಸುತ್ತದೆ. ಆದರೆ ಆ 23 ಬಿಹೈಂಡ್‌ಗಳಲ್ಲಿ 11 ರಶ್ಡ್ ಬಿಹೈಂಡ್. ಹಾಥಾರ್ನ್ ರಕ್ಷಕರೇ ಚೆಂಡನ್ನು ಗೆರೆ ದಾಟಿಸಿ, 1 ಅಂಕ ಕೊಟ್ಟು, ಬದಲಿಗೆ ಕಿಕ್-ಇನ್ (ಗೋಲ್ ಮುಂದಿನಿಂದ ಚೆಂಡನ್ನು ಮತ್ತೆ ಆಟಕ್ಕೆ ಹೊಡೆಯುವ ಅವಕಾಶ) ಪಡೆದರು. ಅವನ್ನು ತೆಗೆದರೆ ಜೀಲಾಂಗ್ ಲೆಕ್ಕ 11 ಗೋಲ್, 12 ಬಿಹೈಂಡ್. ಗುರಿ ಕೆಟ್ಟಿತ್ತು ಹೌದು, ಆದರೆ 11.23 ಹೇಳುವಷ್ಟಲ್ಲ. ಒಂದಂಕ ಬಿಟ್ಟುಕೊಟ್ಟು ಒತ್ತಡದಿಂದ ಪಾರಾಗುವ ಎದುರಾಳಿಯ ಲೆಕ್ಕಾಚಾರವೂ ಆ ಸಂಖ್ಯೆಯೊಳಗೆ ಇತ್ತು. ಬೇಕೆಂದೇ ಗೆರೆ ದಾಟಿಸಿದರೆ ಎದುರಾಳಿಗೆ ಫ್ರೀ ಕಿಕ್ ಎಂಬ ನಿಯಮ ಮರುವರ್ಷವೇ ಬಂತು. ಹಾಗಾಗಿ ನನ್ನ ಹಾಳೆಯಲ್ಲಿ ರಶ್ಡ್ ಬಿಹೈಂಡ್‌ಗೆ ಬೇರೆ ಕಾಲಂ. ಸ್ಕೋರ್‌ಬೋರ್ಡಿಗೆ ಬಾರದ ಹೊಡೆತಗಳಿಗೆ, ಅಂದರೆ ನೇರ ಗೆರೆಯಾಚೆ ಹೋದವು, ಗೋಲ್‌ವರೆಗೆ ಮುಟ್ಟದೆ ಬಿದ್ದವು, ಅವಕ್ಕೂ ಒಂದು.

ಆಮೇಲೆ ಎರಡೂ ತಂಡದ ಹೊಡೆತಗಳನ್ನು ಮೂರು ಗುಂಪು ಮಾಡುತ್ತೇನೆ. ಗೋಲ್ ಎದುರಿಗೆ 35 ಮೀಟರ್ ಒಳಗಿನ ಸೆಟ್ ಶಾಟ್ (ಅಡ್ಡಿಯಿಲ್ಲದೆ ಗುರಿಯಿಟ್ಟು ಹೊಡೆಯುವ ಕಿಕ್) ಸುಲಭದ್ದು. 50 ಮೀಟರ್ ಹತ್ತಿರದ್ದು, ಇಲ್ಲವೇ 45 ಡಿಗ್ರಿ ಕೋನದ್ದು ಮಧ್ಯಮ. ಮೈದಾನದ ಅಂಚಿನ ಗೆರೆಗೆ ಅಂಟಿದ್ದು, ಓಡುತ್ತಾ ಮೈಮೇಲೆ ಆಳಿಟ್ಟುಕೊಂಡು ಥಟ್ಟನೆ ಹೊಡೆದ ಸ್ನ್ಯಾಪ್, ಇವು ಕಷ್ಟದವು. ಸುಲಭದ್ದೇ ತಪ್ಪಿದ್ದರೆ ಅದು ಗುರಿಯ ತೊಂದರೆ, ಮುಂದಿನ ವಾರ ತಾನಾಗಿ ಸರಿಹೋಗಲೂಬಹುದು. ಕಷ್ಟದವೇ ಹೆಚ್ಚಿದ್ದರೆ ತೊಂದರೆ ಹೊಡೆದವನದ್ದಲ್ಲ, ಚೆಂಡು ಅಲ್ಲಿಗೆ ಬಂದ ದಾರಿಯದು.

ಈಗ ಮುಖ್ಯ ಕೆಲಸ. ಎದುರಾಳಿ ಗಳಿಸಿದ ಪ್ರತಿ ಗೋಲ್‌ಗೂ ಬಿಹೈಂಡ್‌ಗೂ ಒಂದೊಂದು ಸಾಲು. ಕ್ವಾರ್ಟರ್, ಗಡಿಯಾರದ ಸಮಯ, ಚೆಂಡು ಅವರಿಗೆ ದಕ್ಕಿದ ಬಗೆ, ದಕ್ಕಿದ ಜಾಗ, ಅಲ್ಲಿಂದ ಎಷ್ಟು ಕಿಕ್, ಎಷ್ಟು ಹ್ಯಾಂಡ್‌ಬಾಲ್ (ಮುಷ್ಟಿಯಿಂದ ಹೊಡೆದು ಕೊಡುವ ಪಾಸ್). ಬಗೆ ನಾಲ್ಕು: ಸೆಂಟರ್‌ನಿಂದ (ಮೈದಾನದ ನಡುವೆ ಆಟ ಮತ್ತೆ ಶುರುವಾದಾಗ), ಬೇರೆ ಕಡೆಯ ಸ್ಟಾಪೇಜ್‌ನಿಂದ (ಆಟ ನಿಂತ ಮೇಲೆ ಅಂಪೈರ್ ಚೆಂಡನ್ನು ಮೇಲಕ್ಕೆಸೆಯುವ ಬಾಲ್-ಅಪ್ ಅಥವಾ ಗೆರೆಯಿಂದ ಒಳಗೆಸೆಯುವ ಥ್ರೋ-ಇನ್), ಟರ್ನೋವರ್‌ನಿಂದ (ನಾವು ಚೆಂಡು ಕಳೆದುಕೊಂಡಾಗ), ಕಿಕ್-ಇನ್‌ನಿಂದ. ಜಾಗವೂ ನಾಲ್ಕು: ನಾವು ಕಾಯುವ 50 ಮೀಟರ್ ಕಮಾನಿನೊಳಗೆ (ಗೋಲ್‌ನಿಂದ 50 ಮೀಟರ್ ದೂರದಲ್ಲಿ ಎಳೆದ ಬಾಗಿದ ಗೆರೆಯೇ ಕಮಾನು), ಅಲ್ಲಿಂದ ಮೈದಾನದ ನಡುವಿನವರೆಗೆ, ನಡುವಿನಿಂದ ನಮ್ಮ ದಾಳಿಯ ಕಮಾನಿನವರೆಗೆ, ಆ ಕಮಾನಿನೊಳಗೆ.

ಟರ್ನೋವರ್ ಸಾಲುಗಳಲ್ಲಿ ಇನ್ನೆರಡು ಕಾಲಂ ಕಡ್ಡಾಯ: ಚೆಂಡನ್ನು ಕೊನೆಗೆ ಕಳೆದವನು ಯಾರು, ತೊಂದರೆ ಶುರು ಮಾಡಿದವನು ಯಾರು. ಉದಾಹರಣೆಗೆ, ನಮ್ಮ ಹಾಫ್ ಬ್ಯಾಕ್ (ರಕ್ಷಣೆಯ ಮುಂದಿನ ಸಾಲಿನ) ಆಟಗಾರ ಗೆರೆಯುದ್ದಕ್ಕೆ ಗಾಳಿಗೆ ಬಿಟ್ಟಂತೆ ಹೊಡೆದ, ಎದುರಾಳಿ ಮಾರ್ಕ್ ಹಿಡಿದ (ಕಿಕ್ ಮಾಡಿದ ಚೆಂಡನ್ನು ಗಾಳಿಯಲ್ಲೇ ಹಿಡಿಯುವುದು), ಗೋಲ್ ಆಯಿತು. ಕಾಮೆಂಟರಿಯಲ್ಲಿ ಬೈಗುಳ ಅವನಿಗೇ. ಹದಿನೈದು ಸೆಕೆಂಡ್ ಹಿಂದಕ್ಕೆ ಹೋಗಿ ನೋಡಿ: ನಿಂತಲ್ಲೇ ನಿಂತಿದ್ದ ಇನ್ನೊಬ್ಬ, ಇಬ್ಬರು ಮೈಮೇಲೆ ಬರುತ್ತಿದ್ದ ಇವನ ಸೊಂಟದ ಕೆಳಗೆ ಹ್ಯಾಂಡ್‌ಬಾಲ್ ಕೊಟ್ಟಿರುತ್ತಾನೆ. ಇವನು ಬಗ್ಗಿ ಎತ್ತಿ ಏಳುವಷ್ಟರಲ್ಲಿ ಬೇರೆ ದಾರಿಯೇ ಉಳಿದಿರುವುದಿಲ್ಲ. ಒಂದೇ ಹೆಸರು ಶುರುವಿನ ಕಾಲಂನಲ್ಲಿ ಮೂರು ಸಲ ಬಂದರೆ ಆಗ ಮಾತಾಡೋಣ.

ಹಾಳೆ ತುಂಬಿದ ಮೇಲೆ ಜಾಗದ ಕಾಲಂ ನೋಡಿ. ನಮ್ಮ ರಕ್ಷಣೆಯ ಅರ್ಧದಲ್ಲಿ, ಅದೂ ಕಾರಿಡಾರ್‌ನಲ್ಲಿ (ಮೈದಾನದ ನಡುವಿನ ಉದ್ದ ಪಟ್ಟಿ) ಚೆಂಡು ಕಳೆದದ್ದೇ ಹೆಚ್ಚಾಗಿದ್ದರೆ ಕಾರಣ ಊಹಿಸುವುದು ಕಷ್ಟವಲ್ಲ. ಚೆಂಡು ನಮ್ಮಲ್ಲಿದ್ದಾಗ ರಕ್ಷಕರು ಪಾಸ್‌ಗೆ ಜಾಗ ಮಾಡಿಕೊಡಲು ಅಗಲಕ್ಕೆ ಹರಡಿರುತ್ತಾರೆ. ನಡುವೆ ಕಳೆದರೆ ಎಲ್ಲರೂ ತಾವು ಕಾಯಬೇಕಾದ ಆಳಿನಿಂದ ದೂರ. ಇದಕ್ಕಿಂತ ಕಣ್ಣಿಗೆ ಬೀಳದ ಕಾಯಿಲೆ ಇನ್ನೊಂದಿದೆ: ಎದುರಾಳಿಯ ಗೋಲ್‌ಗಳು ನಮ್ಮ ದಾಳಿಯ ಕಮಾನಿನೊಳಗೇ ಹುಟ್ಟುವುದು. ನಾವು ಒಳಗೆ ಎತ್ತರಕ್ಕೆ ಹೊಡೆದೆವು, ಅವರ ರಕ್ಷಕ ಆರಾಮವಾಗಿ ಮಾರ್ಕ್ ಹಿಡಿದ, ಐದಾರು ಪಾಸ್‌ನಲ್ಲಿ ಮೈದಾನದುದ್ದಕ್ಕೂ ಬಂದು ಗೋಲ್. ಟಿವಿಯಲ್ಲಿ ಸೋತವನಂತೆ ಕಾಣುವುದು ಗೋಲ್ ಮುಂದೆ ಕಾಯುವ ನಮ್ಮ ಫುಲ್ ಬ್ಯಾಕ್. ಆದರೆ ಕೆಟ್ಟದ್ದು ಆ ಒಳಹೊಡೆತ ಮತ್ತು ಅದರ ಹಿಂದೆ ಬೇಲಿ ಕಟ್ಟದ ವಿಂಗ್ (ಮೈದಾನದ ಪಕ್ಕಗಳ) ಆಟಗಾರರು. ಇಂಥ ಸಾಲುಗಳು ಐದಾರು ಸಿಕ್ಕರೆ ರಕ್ಷಕರನ್ನು ಬದಲಿಸಿ ಎಂದು ಕೂಗುವುದರಲ್ಲಿ ಅರ್ಥವಿಲ್ಲ.

ಸೆಂಟರ್‌ನಿಂದ ಹುಟ್ಟುವ ಗೋಲ್‌ಗಳ ಕಥೆಯೇ ಬೇರೆ. 2021ರ ಗ್ರ್ಯಾಂಡ್ ಫೈನಲ್ ಪರ್ತ್‌ನ ಆಪ್ಟಸ್ ಸ್ಟೇಡಿಯಂನಲ್ಲಿ ನಡೆಯಿತು. ಮೂರನೇ ಕ್ವಾರ್ಟರ್‌ನಲ್ಲಿ ವೆಸ್ಟರ್ನ್ ಬುಲ್‌ಡಾಗ್ಸ್ 19 ಅಂಕ ಮುಂದಿತ್ತು. ಅಲ್ಲಿಂದ ಕೊನೆಯವರೆಗೆ ಮೆಲ್ಬರ್ನ್ ಹೊಡೆದದ್ದು 16 ಗೋಲ್, 4 ಬಿಹೈಂಡ್. ಬುಲ್‌ಡಾಗ್ಸ್ 1 ಗೋಲ್, 1 ಬಿಹೈಂಡ್. ಅಂತಿಮ ಸ್ಕೋರ್ 140 ಮತ್ತು 66. ಇಷ್ಟು ಬೇಗ ಪಂದ್ಯ ಕೈಜಾರುವುದು ಹೇಗೆ? ಗೋಲ್ ಆದಾಗಲೆಲ್ಲ ಚೆಂಡು ನಡುವಿಗೆ ಬರುತ್ತದೆ. 2019ರಿಂದ 6-6-6 ನಿಯಮವಿದೆ: ಆ ಹೊತ್ತಿಗೆ ಪ್ರತಿ ತಂಡದ ಆರು ಜನ ಹಿಂದೆ, ಆರು ಜನ ಮುಂದೆ, ಉಳಿದ ಆರರಲ್ಲಿ ನಾಲ್ವರು ಸೆಂಟರ್ ಸ್ಕ್ವೇರ್‌ನಲ್ಲಿ, ಇಬ್ಬರು ವಿಂಗ್‌ನಲ್ಲಿ. ಹಿಂದೆ ಒಬ್ಬ ಹೆಚ್ಚುವರಿ ರಕ್ಷಕನನ್ನು ಮೊದಲೇ ನಿಲ್ಲಿಸುವಂತಿಲ್ಲ. ಎದುರಾಳಿಯ ಮಿಡ್‌ಫೀಲ್ಡರ್ ಅಲ್ಲಿ ಚೆಂಡು ಎತ್ತಿಕೊಂಡು ಮುಂದಕ್ಕೆ ಓಡಿದರೆ ಹಿಂದಿನ ಆರು ಜನ ತಲಾ ಒಬ್ಬರೊಡನೆ ಬಯಲಲ್ಲಿ ಸಿಕ್ಕಿಬೀಳುತ್ತಾರೆ.

ಹಾಗಾಗಿ ಎದುರಾಳಿ ಎರಡು ಗೋಲ್ ಬೆನ್ನುಬೆನ್ನಿಗೆ ಹೊಡೆದ ಕಡೆಯೆಲ್ಲ ನಿಲ್ಲಿಸಿ ಮೂರು ವಿಷಯ ನೋಡುತ್ತೇನೆ. ನಮ್ಮ ರಕ್ (ಆಟ ಶುರುವಾಗುವಾಗ ಚೆಂಡಿಗೆ ಹಾರಿ ತಟ್ಟುವ ಆಟಗಾರ) ಚೆಂಡನ್ನು ಯಾವ ಕಡೆ ತಟ್ಟಿದ? ನಾಲ್ವರಲ್ಲಿ ಒಬ್ಬನಾದರೂ ಗೋಲ್ ಕಾಯುವ ಬದಿಯಲ್ಲಿ ನಿಂತಿದ್ದನೇ, ಇಲ್ಲ ಎಲ್ಲರೂ ಮುಂದಕ್ಕೆ ನುಗ್ಗಲು ನಿಂತಿದ್ದರೇ? ಚೆಂಡು ಕೈಗೆ ಬರದಿದ್ದಾಗ ಮೇಲೆ ಬಿದ್ದು ಆಟ ನಿಲ್ಲಿಸಿದರೇ? ಎರಡನೇ ಗೋಲ್ ಬಿದ್ದ ಮೇಲೆ ಕ್ಲಿಯರೆನ್ಸ್ (ಗುಂಪಿನಿಂದ ಚೆಂಡನ್ನು ಹೊರತರುವುದು) ಗೆಲ್ಲಲೇಬೇಕೆಂದಿಲ್ಲ. ಅಲ್ಲೇ ಇನ್ನೊಂದು ಬಾಲ್-ಅಪ್ ಮಾಡಿಸಿದರೆ ಸಾಕು, ಅಷ್ಟರಲ್ಲಿ ಒಬ್ಬ ಹಿಂದಕ್ಕೆ ಓಡಿ ಹೆಚ್ಚುವರಿಯಾಗಿ ನಿಲ್ಲಬಹುದು. ನನ್ನ ಮಟ್ಟಿಗೆ ಸೋಲಿನಲ್ಲಿ ಕೋಚ್‌ನನ್ನು ಪ್ರಶ್ನಿಸಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಆ್ಯಪ್‌ನ ಒಟ್ಟು ಅಂಕಿಗಳನ್ನು ನಾನು ನೋಡುವುದು ಇದೆಲ್ಲ ಆದ ಮೇಲೆ. ಹಿಟ್‌ಔಟ್ (ರಕ್ ಚೆಂಡು ತಟ್ಟಿದ್ದು) ಸಂಖ್ಯೆಗೆ ಬೆಲೆಯೇ ಇಲ್ಲ ಎನ್ನಬಹುದು. ತಟ್ಟಿದ ಚೆಂಡು ಯಾರ ಕೈಗೆ ಹೋಯಿತು ಎನ್ನುವುದಷ್ಟೇ ಮುಖ್ಯ. ಡಿಸ್ಪೋಸಲ್ (ಕಿಕ್, ಹ್ಯಾಂಡ್‌ಬಾಲ್ ಎರಡೂ ಸೇರಿ) ಹಿಂದಿನ ಸಾಲಿನಲ್ಲಿ ಅತ್ತಿತ್ತ ಸಣ್ಣ ಪಾಸ್ ಮಾಡಿದರೂ ಏರುತ್ತದೆ. ಟ್ಯಾಕಲ್ ಕಡಿಮೆ ಎಂದು ಬೈಯುವ ಮುನ್ನ ಚೆಂಡು ಯಾರ ಬಳಿ ಹೆಚ್ಚಿತ್ತು ನೋಡಬೇಕು. ಚೆಂಡು ನಮ್ಮಲ್ಲೇ ಇದ್ದರೆ ಟ್ಯಾಕಲ್ ಮಾಡುವುದು ಯಾರನ್ನು? ಚೆಂಡು ಅವರಲ್ಲೇ ಇದ್ದೂ ನಮ್ಮ ಟ್ಯಾಕಲ್ ಕಡಿಮೆಯಾಗಿದ್ದರೆ ಮಾತ್ರ ಅದು ಚಿಂತೆಯ ವಿಷಯ. ಇನ್‌ಸೈಡ್ 50 (ಚೆಂಡನ್ನು ದಾಳಿಯ ಕಮಾನಿನೊಳಗೆ ಒಯ್ದದ್ದು) ಸಂಖ್ಯೆಯ ಪಕ್ಕದಲ್ಲೇ ಕಮಾನಿನೊಳಗಿನ ಮಾರ್ಕ್‌ಗಳ ಸಂಖ್ಯೆ ಬರೆಯಿರಿ. ಮೊದಲನೆಯದು ದೊಡ್ಡದು, ಎರಡನೆಯದು ಚಿಕ್ಕದು ಎಂದಾದರೆ, ತಲೆಯೆತ್ತಿ ನೋಡದೆ ಒಳಗೆ ಹೊಡೆದಿದ್ದೇವೆ ಎಂದೇ ಅರ್ಥ.

ಈ ವಿಧಾನದ ದೊಡ್ಡ ಮಿತಿ ಕ್ಯಾಮೆರಾ. ಅದು ಚೆಂಡಿನ ಹಿಂದೆಯೇ ಓಡುತ್ತದೆ, ಚೆಂಡಿನಿಂದ 60 ಮೀಟರ್ ಆಚೆ ಯಾರು ಆಳು ಬಿಟ್ಟರು ಎನ್ನುವುದು ಕಾಣುವುದಿಲ್ಲ. ಮಾರ್ಕ್ ಹಿಡಿದವನು ಹಿಂದಕ್ಕೆ ಸರಿಯುವಾಗ ಅಗಲದ ದೃಶ್ಯ ತೋರಿಸಿದರೆ ಅಲ್ಲೇ ನಿಲ್ಲಿಸಿ ಚೆಂಡಿನ ಮುಂದೆ ಎರಡೂ ಕಡೆಯ ತಲೆ ಎಣಿಸಿ. ಮೈದಾನಕ್ಕೇ ಹೋಗುವುದಾದರೆ ಎಂಸಿಜಿಯಲ್ಲಿ ಪಂಟ್ ರೋಡ್ ಎಂಡ್ ಅಥವಾ ಸಿಟಿ ಎಂಡ್‌ನ ಗೋಲ್ ಹಿಂದೆ, ಮೇಲಿನ ಹಂತದಲ್ಲಿ ಕೂರಿ. ಮೆಲ್ಬರ್ನ್‌ಗೆ ಬಂದ ನಮ್ಮವರು ಮೊದಲ ಪಂದ್ಯಕ್ಕೆ ಗೆರೆಯ ಹತ್ತಿರದ ಸೀಟು ಹುಡುಕುತ್ತಾರೆ. ಅಲ್ಲಿ ಡಿಕ್ಕಿಯ ಸದ್ದು ಚೆನ್ನಾಗಿ ಕೇಳುತ್ತದೆ, ಆಟದ ಆಕಾರ ಕಾಣುವುದಿಲ್ಲ.

ಗಾಳಿಯ ಮಾತು ಬಂದರೆ ಕ್ವಾರ್ಟರ್‌ವಾರು ಅಂಕಗಳನ್ನು ಯಾವ ಗೋಲ್‌ನ ಕಡೆ ಎಂದು ಬರೆಯಿರಿ. ನಾಲ್ಕೂ ಕ್ವಾರ್ಟರ್‌ನಲ್ಲಿ ಒಂದೇ ತುದಿಗೆ ಅಂಕ ಸುರಿದಿದ್ದರೆ ಗಾಳಿಯೇ ಕಾರಣವಿರಬಹುದು. ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್ ಮೈದಾನದಲ್ಲಿ ಛಾವಣಿ ಮುಚ್ಚಿದ ದಿನ ಆ ನೆಪ ನಡೆಯದು.

ಅಂಪೈರ್ ವಿಷಯವನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಒಟ್ಟು ಫ್ರೀ ಕಿಕ್ ವ್ಯತ್ಯಾಸ ನೋಡುವುದಿಲ್ಲ. ಹಾಳೆಯಲ್ಲಿ ಅಂಕವಾಗಿ ಮುಗಿದ ಸರಪಳಿಗಳಲ್ಲಿ ಎಷ್ಟು ಫ್ರೀ ಕಿಕ್‌ನಿಂದ, ಎಷ್ಟು 50 ಮೀಟರ್ ದಂಡದಿಂದ (ತಪ್ಪಿಗೆ ಚೆಂಡನ್ನು 50 ಮೀಟರ್ ಮುಂದಕ್ಕೆ ಒಯ್ಯುವುದು) ಶುರುವಾದವು ಎಂದು ಮಾತ್ರ ಎಣಿಸುತ್ತೇನೆ, ನಮ್ಮವನ್ನೂ ಅವರದ್ದನ್ನೂ. ದಂಡಗಳಲ್ಲಿ 2021ರಲ್ಲಿ ಬಂದ ಸ್ಟ್ಯಾಂಡ್ ನಿಯಮದ್ದನ್ನು ಬೇರೆ ಗುರುತು ಮಾಡುತ್ತೇನೆ. ಎದುರಾಳಿ ಮಾರ್ಕ್ ಹಿಡಿದ ಜಾಗದಲ್ಲಿ ಅಡ್ಡ ನಿಂತವನು ಅಲುಗಾಡಿ ಕೊಟ್ಟ 50 ಮೀಟರ್ ನಮ್ಮವನದೇ ಅಶಿಸ್ತು, ಅದನ್ನು ಅಂಪೈರ್ ಖಾತೆಗೆ ಹಾಕುವಂತಿಲ್ಲ. ಕೊನೆಗೆ ಈ ಹಾಳೆಯನ್ನು ಹಿಂದಿನ ನಾಲ್ಕೈದು ಪಂದ್ಯಗಳ ಹಾಳೆಗಳ ಪಕ್ಕ ಇಟ್ಟು ನೋಡುತ್ತೇನೆ, ಗೆದ್ದವುಗಳನ್ನೂ ಸೇರಿಸಿ. ನಮ್ಮ ದಾಳಿಯ ಕಮಾನಿನೊಳಗೆ ಹುಟ್ಟಿದ ಎದುರಾಳಿಯ ಅವಕಾಶಗಳು ಗೆದ್ದ ಪಂದ್ಯಗಳಲ್ಲೂ ಅಷ್ಟೇ ಇದ್ದರೆ, ಈ ವಾರ ಹೊಸದಾಗಿ ಏನೂ ಕೆಟ್ಟಿಲ್ಲ. ಹಿಂದೆ ಎದುರಾಳಿಗಳು ಅವನ್ನು ಬಿಹೈಂಡ್ ಮಾಡಿಕೊಂಡಿದ್ದರು, ಈ ಸಲದವರು ಗೋಲ್ ಮಾಡಿದರು.