ರೇಲ್ ಮೇಲಿನ ಕೂದಲೆಳೆ ಸಂದು

ಮೊನ್ನೆ ಸಕಲೇಶಪುರದ ನಮ್ಮ ತೋಟದಲ್ಲಿ ವೀಡ್ ಕಟರ್ ಬಿಚ್ಚಿಕೊಂಡು ಕೂತಿದ್ದೆ. ಪಕ್ಕದ ಮನೆ ಹುಡುಗ ಬಂದ. ಸೇನೆಗೆ ಆಯ್ಕೆಯಾಗಿದ್ದಾನೆ, ಮುಂದಿನ ತಿಂಗಳು ಟ್ರೈನಿಂಗ್‌ಗೆ ಹೊರಡಬೇಕು. "ಅಣ್ಣಾ, ಈಗಿನ ರೈಫಲ್‌ಗೆ ಏನೇನೋ ಸಿಕ್ಕಿಸ್ತಾರಲ್ಲ, ಅದೆಲ್ಲ ಕಲಿಯೋದು ಕಷ್ಟನಾ?" ಅಂದ. ನಾನು ಹದಿನೇಳು ವರ್ಷ ಸೇನೆಯಲ್ಲಿದ್ದವನು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸೇರಿದಾಗ ಕೈಗೆ ಬಂದದ್ದು 5.56 ಎಂ.ಎಂ. ಇನ್ಸಾಸ್ ರೈಫಲ್. ಗುರಿ ನೋಡಲು ಮುಂದೊಂದು ಹಿಂದೊಂದು ಕಬ್ಬಿಣದ ಸೈಟು, ಅಷ್ಟೇ. ಮೇಲಿನ ಮುಚ್ಚಳ ತೆಳು ತಗಡಿನದು. ಕ್ಲೀನಿಂಗ್‌ಗೆ ಪ್ರತಿಸಲ ತೆಗೆದು ಹಾಕುವ ಮುಚ್ಚಳದ ಮೇಲೆ ಬೇರೆ ಸೈಟ್ ಕೂರಿಸಿದರೆ ಗುರಿ ನಿಲ್ಲುತ್ತದಾ? ನಿವೃತ್ತಿ ಹತ್ತಿರ ಬಂದಾಗ 7.62 ಎಂ.ಎಂ. ಸಿಗ್ 716 ಸಿಕ್ಕಿತು. 2019ರಲ್ಲಿ ಸರ್ಕಾರ 72,400 ರೈಫಲ್‌ಗೆ ಒಪ್ಪಂದ ಮಾಡಿಕೊಂಡಿತ್ತಲ್ಲ, ಅದೇ. ಅದರ ಮೇಲೆ ಉದ್ದಕ್ಕೂ ಹಲ್ಲು ಹಲ್ಲಾದ ಪಟ್ಟಿ.

ಆ ಪಟ್ಟಿಗೆ ಪಿಕಟಿನ್ನಿ ರೇಲ್ ಅಂತ ಹೆಸರು. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಪಿಕಟಿನ್ನಿ ಆರ್ಸೆನಲ್ ಅನ್ನುವ ಸೇನಾ ಶಸ್ತ್ರಾಸ್ತ್ರ ಕೇಂದ್ರದಿಂದ ಬಂದ ಹೆಸರದು. 1995ರಲ್ಲಿ ಅಮೆರಿಕದ ಸೇನೆ ಅಳತೆ ಗೊತ್ತು ಮಾಡಿತು. ಹಲ್ಲುಗಳ ನಡುವಿನ ಒಂದೊಂದು ಕಚ್ಚು 5.23 ಮಿ.ಮೀ. ಅಗಲ, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 10.01 ಮಿ.ಮೀ. ಅಳತೆ ಒಂದೇ ಆದ್ದರಿಂದ ಯಾರೋ ಮಾಡಿದ ಸೈಟು ಇನ್ಯಾರದೋ ರೈಫಲ್ ಮೇಲೆ ಕೂರುತ್ತದೆ. ಅಮೇಠಿಯ ಕೊರ್ವಾದಲ್ಲಿ ತಯಾರಾಗುವ ಎಕೆ-203ರಲ್ಲೂ ಈ ರೇಲ್ ಇದೆ.

ಮೊದಲ ಸಲ ರೆಡ್ ಡಾಟ್ ಸೈಟ್, ಅಂದರೆ ಗಾಜಿನಲ್ಲಿ ಕೆಂಪು ಚುಕ್ಕೆ ಕಾಣುವ ಸೈಟ್ ಕೂರಿಸಿದಾಗ ಸ್ಕ್ರೂ ಬಿಗಿ ಮಾಡಿದೆ, ಗುರಿ ಇಟ್ಟಲ್ಲೇ ಗುಂಡು ಬೀಳುವ ಹಾಗೆ ಹೊಂದಿಸಿ ಜೀರೋ ಮಾಡಿದೆ, ಮುಗೀತು ಅಂದುಕೊಂಡೆ. ಮಾರನೇ ಬೆಳಿಗ್ಗೆ 100 ಮೀಟರ್‌ನಲ್ಲಿ ಗುಂಡು ಒಂದೊಂದು ಕಡೆ ಬೀಳತೊಡಗಿತು. ಉಸಿರು ಸರಿಯಿಲ್ಲವೇನೋ, ಟ್ರಿಗರ್ ಎಳೆಯುವುದು ತಪ್ಪುತ್ತಿದೆಯೇನೋ ಅಂತ ನನ್ನನ್ನೇ ಬೈದುಕೊಂಡೆ. ತರಬೇತಿ ಕೊಡುವ ಉಸ್ತಾದ್ ಬಂದು ರೈಫಲ್ ಖಾಲಿ ಮಾಡಿಸಿದರು. ಸೈಟಿನ ಬುಡಕ್ಕೆ ಹೆಬ್ಬೆರಳು ಕೊಟ್ಟು ನಳಿಗೆಯ ಕಡೆಗೆ ಒತ್ತಿದರು. ಟಕ್ ಅಂತ ಸಣ್ಣ ಸದ್ದು. ಕಚ್ಚಿನೊಳಗೆ ಕೂರುವ ಬುಡದ ಅಡ್ಡಪಟ್ಟಿಗೂ ಕಚ್ಚಿನ ಮುಂದಿನ ಗೋಡೆಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದಿತ್ತು.

ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಮೇಲಿನ ಸೈಟ್ ಇದ್ದಲ್ಲೇ ನಿಲ್ಲಲು ನೋಡುತ್ತದೆ. ಅಂದರೆ ರೇಲ್ ಮೇಲೆ ಅದು ಮುಂದಕ್ಕೆ ಜರುಗಿದ ಹಾಗೆ. ಅದಕ್ಕೇ ಮೊದಲು ಮುಂದಕ್ಕೆ ಒತ್ತಿ ಹಿಡಿಯಬೇಕು, ಹಾಗೇ ಹಿಡಿದುಕೊಂಡು ಸ್ಕ್ರೂ ಬಿಗಿ ಮಾಡಬೇಕು. ಸೈಟ್ ಒಂದೇ ಒಂದು ಮಿನಿಟ್ ಕೋನದಷ್ಟು, ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಓರೆಯಾದರೂ 100 ಮೀಟರ್‌ನಲ್ಲಿ ಗುಂಡು ಸುಮಾರು 2.9 ಸೆಂ.ಮೀ. ಸರಿಯುತ್ತದೆ. 300 ಮೀಟರ್‌ಗೆ ಅದು ಸುಮಾರು 9 ಸೆಂ.ಮೀ. ಕೂದಲೆಳೆ ಅಂತ ಬಿಡುವ ಹಾಗಿಲ್ಲ, ಅಲ್ವಾ?

ಅವತ್ತಿನಿಂದ ಎರಡು ಕೆಲಸ ತಪ್ಪಿಸಲಿಲ್ಲ. ಸೈಟ್ ಎಷ್ಟನೇ ಕಚ್ಚಿನಲ್ಲಿದೆ ಅಂತ ಡೈರಿಯಲ್ಲಿ ಬರೆದಿಡುತ್ತಿದ್ದೆ. ಬಿಚ್ಚಿದರೆ ಮತ್ತೆ ಅದೇ ಕಚ್ಚಿಗೇ ಕೂರಿಸಿ ಜೀರೋ ನೋಡಿಕೊಳ್ಳುತ್ತಿದ್ದೆ. ಇನ್ನೊಂದು, ಸ್ಕ್ರೂ ತಲೆಯಿಂದ ಸೈಟಿನ ಬುಡದವರೆಗೆ ಬಿಳಿ ಪೇಂಟಿನ ಗೆರೆ. ಸ್ಕ್ರೂ ತಿರುಗಿದರೆ ಗೆರೆ ತುಂಡಾಗಿ ಕಾಣುತ್ತದೆ. ಆಯುಧ ಇಡುವ ಕೋಣೆ, ಅಂದರೆ ಕೋತ್‌ನಿಂದ ರೈಫಲ್ ತೆಗೆದ ಕೂಡಲೇ ಕಣ್ಣು ಹೋಗುತ್ತಿದ್ದದ್ದು ಆ ಗೆರೆಗೇ. ಸೈಟ್ ಯಾವಾಗಲೂ ರಿಸೀವರ್, ಅಂದರೆ ರೈಫಲಿನ ನಡುವಿನ ಗಟ್ಟಿ ಭಾಗದ ಮೇಲೇ ಇರಲಿ. ಮುಂದೆ ಕೈ ಹಿಡಿಯುವ ಭಾಗ ಒತ್ತಡಕ್ಕೆ ಸ್ವಲ್ಪ ಬಾಗಬಹುದು, ಅದರ ಮೇಲಿಟ್ಟ ಸೈಟನ್ನು ನಾನು ನಂಬುವುದಿಲ್ಲ.

ಟಾರ್ಚು, ಮುಂದಿನ ಗ್ರಿಪ್, ನಳಿಗೆಗೆ ಆಸರೆ ಕೊಡುವ ಎರಡು ಕಾಲಿನ ಬೈಪಾಡ್ ಎಲ್ಲ ಒಟ್ಟಿಗೆ ಹಾಕಿಕೊಂಡು ನೋಡಿದ್ದೂ ಇದೆ. ಮೊದಲೇ ನಾಲ್ಕು ಕೆ.ಜಿ. ಆಸುಪಾಸಿನ ರೈಫಲ್. ತೂಕವೆಲ್ಲ ಮೂತಿಗೆ ಹೋಗಿ, ಏರು ಹತ್ತಿದ ಮೇಲೆ ಎಡಗೈ ನಡುಗುತ್ತಿತ್ತು. ಆ ದಿನದ ಕೆಲಸಕ್ಕೆ ಬೇಡದ್ದನ್ನೆಲ್ಲ ಬಿಚ್ಚಿಟ್ಟೆ. "ನಾಲ್ಕು ಕೆ.ಜಿ. ಅಕ್ಕಿ ಎದೆ ಮುಂದೆ ಹಿಡ್ಕೊಂಡು ಮಂಜರಾಬಾದ್ ಕೋಟೆ ಮೆಟ್ಟಿಲು ಹತ್ತಿ ನೋಡು, ಅರ್ಥ ಆಗುತ್ತೆ" ಅಂದೆ ಹುಡುಗನಿಗೆ.

ಅವನು ತಲೆಯಾಡಿಸುತ್ತಾ ವೀಡ್ ಕಟರ್ ಕಡೆಗೇ ನೋಡುತ್ತಿದ್ದ. ಅದರ ನಡುಕಕ್ಕೆ ಬೋಲ್ಟ್ ಸಡಿಲ ಆಗುತ್ತವೆ, ಹಾಗಾಗಿ ಅಲ್ಲೂ ಬಿಳಿ ಗೆರೆ ಎಳೆದಿದ್ದೇನೆ. "ಅಣ್ಣಾ, ಈ ಕಡೆ ಬೋಲ್ಟಿನ ಗೆರೆ ತುಂಡಾಗಿದೆ" ಅಂದ. ನಾನು ನೋಡಿರಲಿಲ್ಲ. ಸ್ಪ್ಯಾನರ್ ಅವನ ಕೈಗೇ ಕೊಟ್ಟೆ.