ಹಳೆಯ ಪ್ರೆಸ್ಸಿನ ಸಾಮಾನು ಗುಜರಿಗೆ ಹಾಕುವ ಮುಂಚೆ

ಕಲಬುರಗಿ, ಬೀದರ್ ಕಡೆ ಮದುವೆ ಕಾರ್ಡು, ಜಾತ್ರೆಯ ಕರಪತ್ರ ಎಲ್ಲ ಅಚ್ಚು ಮೊಳೆಯಲ್ಲೇ, ಅಂದರೆ ಒಂದೊಂದು ಅಕ್ಷರದ ಸೀಸದ ತುಂಡು ಜೋಡಿಸಿಯೇ, ಆಗುತ್ತಿದ್ದ ಕಾಲವಿತ್ತು. ನಿಮ್ಮ ಮನೆಯಲ್ಲೋ ಪರಿಚಯದವರ ಅಂಗಡಿಯಲ್ಲೋ ಕಾಲಲ್ಲಿ ತುಳಿದು ಅಚ್ಚು ಹಾಕುವ ಟ್ರೆಡಲ್ ಮಷೀನು, ಮೊಳೆ ಇಡುವ ಖಾನೆಗಳ ಕೇಸುಗಳು ಇನ್ನೂ ಉಳಿದಿದ್ದರೆ ಸೀಸದ ರೇಟು ನೋಡಿ ಸುಮ್ನೆ ಮಾರಿಬಿಡಬೇಡಿ. ಮ್ಯೂಸಿಯಂಗೆ ಕೊಡಿ, ಇಲ್ಲ ಮನೆಯಲ್ಲೇ ಇಟ್ಟುಕೊಳ್ಳಿ. ಆದರೆ ಮೊದಲು ಏನನ್ನೂ ಅಲುಗಾಡಿಸಬೇಡಿ.

ಕೇಸಿನ ಒಂದೊಂದು ಖಾನೆಯ ಫೋಟೋ ತೆಗೆಯಿರಿ. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಬಗೆಯ ಮೊಳೆ ಬೇಕು, ಯಾವುದು ಎಲ್ಲಿದೆ ಅನ್ನೋದು ಮೊಳೆ ಜೋಡಿಸುವ ಕಂಪೋಸಿಟರ್ ಕೈಗೆ ಗೊತ್ತಿರುತ್ತದೆ. ಚೀಲಕ್ಕೆ ಸುರಿದರೆ ಅದು ಬರೀ ಲೋಹ. ಹಳೆಯ ಕಂಪೋಸಿಟರ್ ಯಾರಾದರೂ ಊರಲ್ಲಿದ್ದರೆ ಕರೆತನ್ನಿ, ಅವರು ಸ್ಟಿಕ್ (ಮೊಳೆ ಸಾಲಾಗಿ ಜೋಡಿಸುವ ಕೈಪಟ್ಟಿ) ಹಿಡಿದು ನಾಲ್ಕು ಸಾಲು ಜೋಡಿಸುವುದನ್ನು ವಿಡಿಯೋ ಮಾಡಿ. ನನ್ನ ಪ್ರಕಾರ ಮಷೀನಿಗಿಂತ ಇದಕ್ಕೇ ಬೆಲೆ ಜಾಸ್ತಿ.

ಮೊಳೆಯಲ್ಲಿ ಸೀಸ, ಆಂಟಿಮನಿ, ತವರ ಇರುತ್ತವೆ. ಬಿಳಿ ಪುಡಿ ಕಂಡರೆ ಸೀಸ ಕೆಟ್ಟಿದೆ ಎಂದು ಅರ್ಥ, ಅದು ವಿಷ. ಊದಬೇಡಿ, ಒಣಬ್ರಷ್ ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಮಾಸ್ಕು, ಗ್ಲೌಸು ಹಾಕಿಕೊಂಡೇ ಮುಟ್ಟಿ. ಒಣಗಿದ ಮಸಿಗೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಸಾಕು, ಬೆಂಕಿ ಮಾತ್ರ ದೂರವಿರಲಿ. ವೈರ್ ಬ್ರಷ್ ಬೇಡವೇ ಬೇಡ, ಅಕ್ಷರದ ಮುಖಕ್ಕೆ ಗೀರು ಬಿದ್ದರೆ ಅಚ್ಚಲ್ಲೂ ಕಾಣುತ್ತದೆ. ಹೊಸ ಪ್ಲೈವುಡ್ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ, ಅದರ ಆಮ್ಲದ ಆವಿ ಸೀಸವನ್ನು ತಿನ್ನುತ್ತದೆ.

ಟ್ರೆಡಲ್‌ನಿಂದ ಮಸಿ ಹಚ್ಚುವ ರೋಲರ್ ಬಿಚ್ಚಿ ತಂಪು ಜಾಗದಲ್ಲಿಡಿ. ಅಂಟು, ಗ್ಲಿಸರಿನ್ ಸೇರಿಸಿ ಎರಕ ಹೊಯ್ದ ಹಳೆಯ ರೋಲರ್ ಆದರೆ, 40 ಡಿಗ್ರಿ ದಾಟುವ ನಮ್ಮ ಬೇಸಿಗೆಗೆ ಬೆಲ್ಲದ ಪಾಕದಂತೆ ಇಳಿದುಬಿಡುತ್ತದೆ. ಎಣ್ಣೆ ತೂತುಗಳ ಜಿಡ್ಡು ತೆಗೆದು ಮಷೀನ್ ಆಯಿಲ್ ಬಿಡಿ, ಚಕ್ರವನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ಬಿಗಿಯಾದರೆ ಜೋರು ಮಾಡಬೇಡಿ. ಬೀಡುಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ.

ಇನ್ನೊಂದು ಮಾತು. ನಿಜಾಮರ ಕಾಲದಲ್ಲಿ ಇಲ್ಲಿ ಉರ್ದು ಚಲಾವಣೆಯಲ್ಲಿತ್ತು. ಉರ್ದುವಿನ ನಸ್ತಾಲಿಕ್ ಎಂಬ ಓರೆಯಾಗಿ ಇಳಿಯುವ ಬರಹವನ್ನು ಮೊಳೆಗೆ ಒಗ್ಗಿಸುವುದು ಕಷ್ಟ, ಅದಕ್ಕೇ ಕಾತಿಬರು, ಅಂದರೆ ಅಂದವಾಗಿ ಬರೆಯುವ ಲಿಪಿಕಾರರು, ಕೈಯಲ್ಲಿ ಬರೆದದ್ದನ್ನು ಕಲ್ಲಿಗೆ ಇಳಿಸಿ ಅಚ್ಚು ಹಾಕುವ ಪದ್ಧತಿ ಬಹಳ ಕಾಲ ನಡೆಯಿತು. ಮೂಲೆಯಲ್ಲಿ ನುಣ್ಣನೆಯ ದಪ್ಪ ಕಲ್ಲು, ತಿಳಿಹಳದಿ ಅಥವಾ ಬೂದು ಬಣ್ಣದ್ದು ಕಂಡರೆ, ಶಹಾಬಾದ್ ಕಲ್ಲು ಅಂದುಕೊಂಡು ಬಚ್ಚಲಿಗೆ ಹಾಕಬೇಡಿ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ತಿರುಗುಮುರುಗಾದ ಅಕ್ಷರ ಕಂಡರೆ ಅದು ಕಲ್ಲಚ್ಚಿನ ಕಲ್ಲು. ತೊಳೆಯಬೇಡಿ, ಒಂದರ ಮೇಲೊಂದು ಪೇರಿಸಬೇಡಿ, ಹತ್ತಿ ಬಟ್ಟೆ ಸುತ್ತಿ ನೆಟ್ಟಗೆ ನಿಲ್ಲಿಸಿಡಿ.