ಕೈಗೆ ಸಿಗದ ಆಲ್ಬಮ್ಮನ್ನು ಇಟ್ಟುಕೊಳ್ಳುವುದು ಹೇಗೆ

ಎಲ್‌ಪಿ, ಕ್ಯಾಸೆಟ್, ಸಿಡಿ ಅಂತ ಕಪಾಟು ತುಂಬಿಸಿಕೊಂಡವರಿಗೆ ಡೌನ್‌ಲೋಡ್ ಅಂದರೆ ಅಷ್ಟಕ್ಕಷ್ಟೇ. ನನಗೂ ಹಾಗೇ ಇತ್ತು. ದುಡ್ಡು ಕೊಟ್ಟ ಮೇಲೆ ಕೈಯಲ್ಲಿ ಏನಾದರೂ ಇರಬೇಕು, ಅಲ್ವಾ? ಆದರೆ ನನಗೆ ಬೇಕಾಗಿದ್ದ ಒಂದು ಆಲ್ಬಮ್ ಸಿಡಿಯಾಗಿ ಬರಲಿಲ್ಲ, ಎಲ್‌ಪಿಯಾಗಿಯೂ ಬರಲಿಲ್ಲ, ಮೂರು ವರ್ಷ ಕಾದು ಕೊನೆಗೆ ಗೊಣಗಿಕೊಂಡೇ ಡೌನ್‌ಲೋಡ್ ಕೊಂಡೆ. ಅಲ್ಲಿಂದ ಮಾಡಿದ ತಪ್ಪುಗಳಿಂದ ಕಲಿತದ್ದು ಇದು.

ಶುರು ಮಾಡುವಾಗ ಒಂದೇ ಒಂದು ಆಲ್ಬಮ್ ತೆಗೆದುಕೊಳ್ಳಿ. ಅದೂ ಡೌನ್‌ಲೋಡ್ ಬಿಟ್ಟು ಬೇರೆ ರೂಪದಲ್ಲಿ ಸಿಗದೇ ಇರುವಂಥದ್ದು. ಕಪಾಟಿನಲ್ಲಿ ಇರುವುದನ್ನೇ ಮತ್ತೆ ಕೊಳ್ಳಬೇಡಿ. ನಿಮ್ಮ ಸಿಡಿಯಿಂದ ನೀವೇ ಫೈಲ್ ಮಾಡಿಕೊಳ್ಳಬಹುದು, ಎಕ್ಸಾಕ್ಟ್ ಆಡಿಯೊ ಕಾಪಿ ಅನ್ನುವ ಸಾಫ್ಟ್‌ವೇರ್ ಅದನ್ನು ಬಹಳ ಜೋಪಾನವಾಗಿ ಮಾಡುತ್ತದೆ.

ಇನ್ನೊಂದು ಗೊಂದಲ ಮೊದಲೇ ಬಗೆಹರಿಸಿಕೊಳ್ಳಿ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಕಾಣುವ ಡೌನ್‌ಲೋಡ್ ಬಟನ್ ಬೇರೆ, ನಾನು ಹೇಳುತ್ತಿರುವ ಡೌನ್‌ಲೋಡ್ ಬೇರೆ. ಅಲ್ಲಿ ಇಳಿದ ಹಾಡು ಆ ಆ್ಯಪ್‌ನ ಒಳಗೇ ಇರುತ್ತದೆ, ಚಂದಾ ನಿಲ್ಲಿಸಿದ ದಿನ ಅದೂ ನಿಲ್ಲುತ್ತದೆ. ನಮಗೆ ಬೇಕಾದ್ದು ಕೊಂಡು, ಕಾಪಿ ಮಾಡಿ, ಯಾವ ಪ್ಲೇಯರ್‌ನಲ್ಲಾದರೂ ಹಾಕಬಹುದಾದ ಫೈಲ್. ಬ್ಯಾಂಡ್‌ಕ್ಯಾಂಪ್, ಕೋಬಝ್‌ನಂಥ ಆನ್‌ಲೈನ್ ಅಂಗಡಿಗಳಲ್ಲಿ ಹಾಗೆ ಸಿಗುತ್ತದೆ. 2003ರಲ್ಲಿ ಆ್ಯಪಲ್‌ನವರು ಐಟ್ಯೂನ್ಸ್ ಅಂಗಡಿ ತೆರೆದಾಗ ಹಾಡುಗಳಿಗೆ, ಬೇಕಾದ ಕಡೆ ಹಾಕಿ ಕೇಳಲಾಗದಂತೆ, ಬೀಗ ಹಾಕಿ ಮಾರುತ್ತಿದ್ದರು, 2009ರಲ್ಲಿ ಆ ಬೀಗ ತೆಗೆದರು. ನಮ್ಮಂಥವರ ಹಳೇ ಸಿಟ್ಟಿಗೆ ಅದೂ ಒಂದು ಕಾರಣ, ಆ ಸಿಟ್ಟು ಈಗ ಸ್ವಲ್ಪ ಇಳಿಸಬಹುದು.

ಈಗ ಫಾರ್ಮ್ಯಾಟ್, ಅಂದರೆ ಧ್ವನಿಯನ್ನು ಫೈಲಿನಲ್ಲಿ ತುಂಬಿಡುವ ರೀತಿ. ಇಲ್ಲಿ ಜನ ಬೇಡದಷ್ಟು ತಲೆ ಕೆಡಿಸಿಕೊಳ್ಳುತ್ತಾರೆ. ಫ್ಲ್ಯಾಕ್ ಇದ್ದರೆ ಫ್ಲ್ಯಾಕ್ ತೆಗೆದುಕೊಳ್ಳಿ, ಮುಗಿಯಿತು. ಸಿಡಿಯಲ್ಲಿ ಇರುವ 16 ಬಿಟ್, 44.1 ಕಿಲೋಹರ್ಟ್ಸ್ ಧ್ವನಿಯನ್ನು (ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ನಲ್ಲಿ ಬರೆದದ್ದು) ಒಂದು ಚೂರೂ ಬಿಡದೆ ಮಡಚಿಟ್ಟ ಹಾಗೆ ಅದು. ಬಿಚ್ಚಿದರೆ ಪೂರ್ತಿ ವಾಪಸ್ ಬರುತ್ತದೆ. ಎಂಪಿ3 ಹಾಗಲ್ಲ, ಕಿವಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ ಅಂತ ಅಂದಾಜು ಮಾಡಿ ಕೆಲವನ್ನು ಎಸೆದುಬಿಡುತ್ತದೆ. ಎಸೆದದ್ದು ಎಸೆದಂತೆಯೇ. 45 ನಿಮಿಷದ ಆಲ್ಬಮ್ ಸಿಡಿಯಲ್ಲಿ ಇರುವ ಹಾಗೇ ಇಟ್ಟರೆ ಸುಮಾರು 475 ಎಂಬಿ, ಫ್ಲ್ಯಾಕ್‌ನಲ್ಲಿ ಸಾಮಾನ್ಯವಾಗಿ ಅದರ ಅರ್ಧದಿಂದ ಮೂರನೇ ಎರಡು ಭಾಗ, 320 ಕೆಬಿಪಿಎಸ್ (ಸೆಕೆಂಡಿಗೆ 320 ಕಿಲೋಬಿಟ್) ಎಂಪಿ3ಯಲ್ಲಿ ನೂರು ಚಿಲ್ಲರೆ. ನಿಜ ಹೇಳಬೇಕೆಂದರೆ 320ರ ಎಂಪಿ3ಗೂ ಫ್ಲ್ಯಾಕ್‌ಗೂ ವ್ಯತ್ಯಾಸ ಕಣ್ಣು ಮುಚ್ಚಿ ಕೇಳಿದಾಗ ನನಗೆ ಗೊತ್ತಾಗಲಿಲ್ಲ. ಆದರೂ ಫ್ಲ್ಯಾಕ್ ಯಾಕೆ ಅಂದರೆ, ಫ್ಲ್ಯಾಕ್‌ನಿಂದ ಯಾವಾಗ ಬೇಕಾದರೂ ಎಂಪಿ3 ಮಾಡಿಕೊಳ್ಳಬಹುದು, ಎಂಪಿ3ಯಿಂದ ಹಿಂದಕ್ಕೆ ಹೋಗಲು ಆಗುವುದಿಲ್ಲ. ಧ್ವನಿಯನ್ನು ಮಡಚದೆ ಹಾಗೇ ಇಡುವ ವೇವ್ ಫೈಲ್ ಬೇಡ. ಜಾಗ ಜಾಸ್ತಿ ತಿನ್ನುತ್ತದೆ, ಹಾಡಿನ ವಿವರವೂ ಅದರಲ್ಲಿ ನೆಟ್ಟಗೆ ಕೂರುವುದಿಲ್ಲ.

24 ಬಿಟ್, 96 ಕಿಲೋಹರ್ಟ್ಸ್ ಅಂತ ಜಾಸ್ತಿ ದುಡ್ಡಿಗೆ ಮಾರುವುದೂ ಇದೆ. ಮನುಷ್ಯನ ಕಿವಿ ಕೇಳುವುದೇ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ, ಸಿಡಿಯ 44.1ರ ಲೆಕ್ಕ ಅದರ ಅರ್ಧ, ಅಂದರೆ 22ರವರೆಗೂ ಹಿಡಿಯುತ್ತದೆ. ಆ ಆಲ್ಬಮ್ಮನ್ನು ಬೇರೆಯಾಗಿ, ಚೆನ್ನಾಗಿ ಮಾಸ್ಟರಿಂಗ್ (ಬಿಡುಗಡೆಗೆ ಮೊದಲು ಧ್ವನಿಯನ್ನು ಕೊನೆಯದಾಗಿ ಹದ ಮಾಡುವುದು) ಮಾಡಿದ್ದಾರೆ ಅಂತ ಗೊತ್ತಿದ್ದರೆ ಸರಿ, ಬರೀ ಅಂಕಿ ನೋಡಿ ಕೊಳ್ಳಬೇಡಿ.

ಕೊಂಡ ದಿನವೇ ಇಳಿಸಿಕೊಳ್ಳಿ. ಇದನ್ನು ಎರಡು ಸಲ ಓದಿ. ನಾನು ಕೊಂಡ ಎರಡನೇ ಆಲ್ಬಮ್ಮನ್ನು 'ಹೇಗಿದ್ದರೂ ಅಲ್ಲೇ ಇರುತ್ತದಲ್ಲ' ಅಂತ ಬಿಟ್ಟಿದ್ದೆ. ನಾಲ್ಕು ತಿಂಗಳಾದ ಮೇಲೆ ನೋಡಿದರೆ ಆ ಪುಟವೇ ಇಲ್ಲ, ಮಾರುವ ಹಕ್ಕು ಮುಗಿದಿತ್ತಂತೆ. ದುಡ್ಡೂ ವಾಪಸ್ ಬರಲಿಲ್ಲ. ಕಪಾಟಿನಿಂದ ಯಾರೋ ರಾತ್ರಿ ಬಂದು ಎಲ್‌ಪಿ ಎತ್ತಿಕೊಂಡು ಹೋದ ಹಾಗಾಯಿತು.

ಇಳಿಸಿದ ಮೇಲೆ ಒಮ್ಮೆ ಪೂರ್ತಿ ಕೇಳಿ, ಹೆಡ್‌ಫೋನ್ ಹಾಕಿಕೊಂಡು. ಹಾಡು ಅರ್ಧಕ್ಕೆ ನಿಂತಿದ್ದರೆ ಅವತ್ತೇ ಮತ್ತೆ ಇಳಿಸಬಹುದು. ಒಂದು ಹಾಡು ಇನ್ನೊಂದಕ್ಕೆ ಬೆಸೆದುಕೊಂಡಿರುವ ಕಡೆ, ಕಛೇರಿ ರೆಕಾರ್ಡಿಂಗ್‌ನಲ್ಲಿ ಚಪ್ಪಾಳೆ ನಿಲ್ಲುವ ಮೊದಲೇ ಮುಂದಿನದು ಶುರುವಾಗುವ ಕಡೆ, ಗಮನ ಕೊಡಿ. ಎಂಪಿ3 ಮಾಡುವಾಗ ಫೈಲಿನ ಎರಡೂ ತುದಿಗೆ ಚೂರು ಮೌನ ಸೇರಿಕೊಳ್ಳುತ್ತದೆ. ಪ್ಲೇಯರ್ ಅದನ್ನು ಲೆಕ್ಕ ಹಾಕಿ ಬಿಡದಿದ್ದರೆ ಟಕ್ ಅಂತ ಕಡಿದ ಹಾಗೆ ಕೇಳಿಸುತ್ತದೆ. ಫ್ಲ್ಯಾಕ್‌ನಲ್ಲಿ ಆ ಕಾಟ ಇಲ್ಲ.

ಇನ್ನು ಹೆಸರಿಡುವ ಕೆಲಸ. ಬೇಸರದ ಕೆಲಸ ಅನ್ನುತ್ತಾರೆ, ನನಗೆ ಮಾತ್ರ ಇದೇ ಇಷ್ಟ, ಏಕೆಂದರೆ ಕಪಾಟು ಜೋಡಿಸುವ ಖುಷಿ ಸಿಗುವುದು ಇಲ್ಲಿ ಮಾತ್ರ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಬಿಡಬೇಡಿ, ಅದು ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವ ಜಾಗ ಇದ್ದ ಹಾಗೆ. ಸಂಗೀತ ಅಂತ ಒಂದು ಫೋಲ್ಡರ್, ಅದರೊಳಗೆ ಕಲಾವಿದರ ಹೆಸರು, ಅದರೊಳಗೆ ವರ್ಷ ಮತ್ತು ಆಲ್ಬಮ್ ಹೆಸರು. ಹಾಡಿನ ಸಂಖ್ಯೆಯನ್ನು 1, 2 ಅಂತ ಬರೆಯಬೇಡಿ, 01, 02 ಅಂತ ಬರೆಯಿರಿ. ಇಲ್ಲದಿದ್ದರೆ ಹಳೇ ಪ್ಲೇಯರ್‌ಗಳಲ್ಲಿ 1 ಆದ ಮೇಲೆ 10, 11 ಬಂದು ಆಮೇಲೆ 2 ಬರುತ್ತದೆ. ಹೆಸರಿನಲ್ಲಿ ಪ್ರಶ್ನೆ ಚಿಹ್ನೆ, ಕೋಲನ್ ಬೇಡ, ವಿಂಡೋಸ್ ಒಪ್ಪುವುದಿಲ್ಲ.

ಫೈಲಿನ ಹೆಸರಲ್ಲದೆ ಒಳಗೆ ಹಾಡು, ಹಾಡಿದವರು, ಆಲ್ಬಮ್ ಇವುಗಳ ವಿವರ ಬರೆದಿಟ್ಟ ಟ್ಯಾಗ್ ಅಂತ ಇರುತ್ತದೆ, ಪ್ಲೇಯರ್ ಓದುವುದು ಅದನ್ನೇ. ಎಂಪಿ3ಟ್ಯಾಗ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿ (ಹೆಸರು ಎಂಪಿ3 ಅಂತಿದ್ದರೂ ಫ್ಲ್ಯಾಕ್ ಕೂಡ ತೆರೆಯುತ್ತದೆ). ಹದಿನಾಲ್ಕು ಗಾಯಕರು ಹಾಡಿದ ಸಂಕಲನ ತಂದಾಗ ನನ್ನ ಪ್ಲೇಯರ್ ಅದನ್ನು ಹದಿನಾಲ್ಕು ಆಲ್ಬಮ್ ಮಾಡಿ, ಒಂದೊಂದರಲ್ಲಿ ಒಂದೊಂದು ಹಾಡು ಇಟ್ಟು ಕೂತಿತ್ತು. ಒಂದು ಗಂಟೆ ಪರದಾಡಿದೆ. ತಪ್ಪು ಇದ್ದದ್ದು ಇಷ್ಟೇ: ಹಾಡಿದವರ ಜಾಗ ತುಂಬಿತ್ತು, ಆಲ್ಬಮ್ ಕಲಾವಿದ ಅನ್ನುವ ಜಾಗ ಖಾಲಿ ಇತ್ತು. ಎಲ್ಲ ಹಾಡನ್ನೂ ಒಟ್ಟಿಗೆ ಆರಿಸಿ ಅಲ್ಲಿ 'ಹಲವರು' ಅಂತ ಬರೆದೆ, ಹದಿನಾಲ್ಕೂ ಒಂದಾದವು. ಎರಡು ಡಿಸ್ಕ್‌ನ ಆಲ್ಬಮ್ ಆದರೆ ಡಿಸ್ಕ್ ಸಂಖ್ಯೆಯನ್ನೂ ತುಂಬಿ, ಇಲ್ಲದಿದ್ದರೆ ಎರಡು ಒಂದನೇ ಹಾಡು ಅಕ್ಕಪಕ್ಕ ಬಂದು ಕೂರುತ್ತವೆ.

ಕವರ್ ಚಿತ್ರವನ್ನು ಟ್ಯಾಗ್‌ಗೂ ಸೇರಿಸಿ, ಫೋಲ್ಡರ್‌ನಲ್ಲೂ ಇಡಿ. ಬುಕ್‌ಲೆಟ್ ಪಿಡಿಎಫ್ ಕೊಟ್ಟರೆ ಅದೂ ಅಲ್ಲೇ ಇರಲಿ. ಬಹಳ ಸಲ ಕೊಡುವುದಿಲ್ಲ, ವಯಲಿನ್ ಯಾರು, ಮೃದಂಗ ಯಾರು, ಎಲ್ಲಿ ರೆಕಾರ್ಡ್ ಮಾಡಿದ್ದು ಒಂದೂ ಗೊತ್ತಾಗುವುದಿಲ್ಲ. ನನಗೆ ಡೌನ್‌ಲೋಡ್ ಬಗ್ಗೆ ಇವತ್ತಿಗೂ ಇರುವ ದೊಡ್ಡ ತಕರಾರು ಇದೇ. ಮಾರುವ ಪುಟದಲ್ಲಿ ಬರೆದಿದ್ದರೆ ಅದನ್ನು ಒಂದು ಟೆಕ್ಸ್ಟ್ ಫೈಲಿಗೆ ಹಾಕಿ ಹಾಡುಗಳ ಜೊತೆಗೇ ಇಡಿ, ಆ ಪುಟ ನಾಳೆ ಇರುತ್ತದೋ ಇಲ್ಲವೋ.

ಬ್ಯಾಕಪ್ ವಿಷಯ ಎಲ್ಲರೂ ಹೇಳುತ್ತಾರೆ, ಯಾರೂ ಮಾಡುವುದಿಲ್ಲ. ಕಂಪ್ಯೂಟರ್‌ನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಮನೆಯಿಂದ ಆಚೆ ಇನ್ನೊಂದು. 1 ಟಿಬಿ ಡಿಸ್ಕ್‌ನಲ್ಲಿ 300 ಎಂಬಿಯ ಫ್ಲ್ಯಾಕ್ ಆಲ್ಬಮ್ ಮೂರು ಸಾವಿರ ಹಿಡಿಯುತ್ತದೆ, ನನ್ನ ಇಡೀ ಕಪಾಟು ಅದರ ಒಂದು ಮೂಲೆಗೂ ಸಾಲದು. ಎಲ್‌ಪಿಗೆ ಗೀರು ಬಿದ್ದರೆ ಆ ಹಾಡಿಗೆ ಮಾತ್ರ ಏಟು, ಡಿಸ್ಕ್ ಕೈಕೊಟ್ಟರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ.

ಅಂದ ಹಾಗೆ, ಮೂರು ವರ್ಷ ಕಾದ ಆ ಮೊದಲ ಆಲ್ಬಮ್ ಆಮೇಲೆ ಎಲ್‌ಪಿಯಾಗಿ ಬಂತು. ಬಿಡುತ್ತೇನೆಯೇ, ಕೊಂಡೆ. ಆದರೆ ಎಲ್‌ಪಿಯ ಒಂದು ಬದಿಯಲ್ಲಿ ಚೆನ್ನಾಗಿ ಹಿಡಿಸುವುದು 22 ನಿಮಿಷದ ಆಸುಪಾಸು, ಹಾಗಾಗಿ ಕೊನೆಯ ಹಾಡನ್ನೇ ಬಿಟ್ಟಿದ್ದಾರೆ. ಎರಡನೇ ಬದಿ ಮುಗಿದು ಸೂಜಿ ಎತ್ತಿದ ಮೇಲೆ, ಆ ಒಂದು ಹಾಡಿಗಾಗಿ ಎದ್ದು ಹೋಗಿ ಕಂಪ್ಯೂಟರ್ ಆನ್ ಮಾಡುತ್ತೇನೆ.